ಗೋಡೌನ್‌ನಲ್ಲಿದ್ದ ಮೂಟೆ ಯಾರದು?

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸನ್ನು, ಅಂದ್ರೆ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆಯನ್ನು, ಬೆಂಗಳೂರಿನ ಕಂಪನಿಯೊಂದು ಕೊಂಡಿತು. ಇಬ್ಬರ ಲೆಕ್ಕ ಒಂದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂರು ತಿಂಗಳು ಸಾಕು ಅಂದಿದ್ರು. ಒಂದು ವರ್ಷ ಹಿಡಿಯಿತು.

ಕೈ ಬದಲಾದದ್ದು ಜನವರಿಯಲ್ಲಿ. ಆ ದಿನಕ್ಕೆ ಲೆಕ್ಕಕ್ಕೆ ಗೆರೆ ಎಳೆಯಲೇಬೇಕು. ಅಲ್ಲಿವರೆಗಿನ ಲಾಭ ಹಳಬರ ಕಾಲದ್ದು, ಆಮೇಲಿನದಷ್ಟೇ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತೆ. ಆದರೆ ಇಲ್ಲಿ ಜನವರಿ ಅಂದ್ರೆ ಕೊಯ್ಲಿನ ನಡುಮಧ್ಯ. ಗೇಟಿನ ಹೊರಗೆ ಲಾರಿ ಸಾಲು, ಒಳಗೆ ಛಾವಣಿವರೆಗೆ ಮೂಟೆ. ಮಳೆಗಾಲ ಮುಗಿಯುವ ಹೊತ್ತಿಗಾದರೆ ಗೋಡೌನ್ ಎಷ್ಟೋ ಖಾಲಿ ಇರುತ್ತೆ. ವ್ಯವಹಾರ ಕುದುರಿಸುವವರು ಅದನ್ನೆಲ್ಲ ಎಲ್ಲಿ ನೋಡ್ತಾರೆ!

ಕೊಂಡದ್ದು ಷೇರುಗಳನ್ನು. ಹಾಗಾಗಿ ಪ್ಯಾನ್, ಜಿಎಸ್‌ಟಿ ನಂಬರ್ ಹಳೆಯದೇ ಮುಂದುವರಿಯಿತು. ಬ್ಯಾಂಕಿನಲ್ಲಿ ಮಾತ್ರ ಎಡವಿದೆವು. ಹೊಸಬರ ಸಹಿ ಸೇರುವ ಮೊದಲೇ ಹಳಬರದ್ದು ತೆಗೆಸಿ, ಎರಡು ವಾರದ ಬಟವಾಡೆ ತಡವಾಯ್ತು.

ದೊಡ್ಡ ತಪ್ಪು ನನ್ನದೇ. ಎರಡು ದಿನ ನಿಂತು ಮೂಟೆ ಎಣಿಸಿ, ಅಷ್ಟನ್ನೂ ಸ್ಟಾಕ್ ಅಂತ ಬೆಂಗಳೂರಿಗೆ ಕಳಿಸಿದೆ. ಅವರು ಕೆ.ಜಿ. ಲೆಕ್ಕದಲ್ಲಿ ಬೆಲೆ ಕಟ್ಟಿದರು. ಆಸ್ತಿ ಭರ್ಜರಿಯಾಗಿ ಕಂಡಿತು. ಹಳೆ ಲೆಕ್ಕದವರನ್ನು ಎಲ್ಲರೂ ಶಾನುಭೋಗ್ರು ಅಂತಿದ್ರು. ಅವರು ಶೀಟ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾರ್, ಇದರಲ್ಲಿ ನಮ್ಮ ಕಾಫಿ ಎಷ್ಟು?"

ಕ್ಯೂರಿಂಗ್‌ನಲ್ಲಿ ಹೆಚ್ಚಿನ ಕಾಫಿ ಬೆಳೆಗಾರರದ್ದು. ನಾವು ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಕೂಲಿ ತಗೋತೀವಿ, ಅಷ್ಟೇ. ಸ್ವಂತಕ್ಕೆ ಕೊಂಡದ್ದೂ ಪಕ್ಕದಲ್ಲೇ ಇರುತ್ತೆ. ಯಾವುದು ಯಾರದು ಅನ್ನೋದು ಲಾಟಿನ ಮೇಲಿನ ಸೀಮೆಸುಣ್ಣದ ಗುರುತಿನಲ್ಲೂ ಶಾನುಭೋಗರ ನೋಟ್‌ಬುಕ್ಕಿನಲ್ಲೂ ಇತ್ತು, ಹಳಬರ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇರಲಿಲ್ಲ. ತೂಕವೂ ತಪ್ಪಿತ್ತು. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಮೂಟೆಯಿಂದ ಸುಮಾರು 40 ಕೆ.ಜಿ. ಕಾಫಿ ಬೇಳೆ ಸಿಗುತ್ತೆ, ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಆದ್ರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನವರು ಎಲ್ಲದಕ್ಕೂ ಒಂದೇ ದರ ಹಾಕಿದ್ದರು.

ಅದು ಸರಿಹೋಗುವ ಮೊದಲೇ ಇನ್ನೊಂದು. ಬೆಳೆಗಾರರಿಗೆ ಮುಂಗಡ ಕೊಡೋದು ಇಲ್ಲಿ ಮಾಮೂಲು, ಕಾಫಿ ಮಾರಿದ ಮೇಲೆ ಹಿಡ್ಕೋತೀವಿ. ಹೊಸ ಸಾಫ್ಟ್‌ವೇರ್ ಅದನ್ನು ಬಾಕಿ ಅಂತ ಓದಿ, ತಾನಾಗಿ ವಸೂಲಿ ಪತ್ರ ಕಳಿಸಿಬಿಟ್ಟಿತು. ಆಲ್ದೂರು ಕಡೆಯ ಗೌಡ್ರೊಬ್ಬರು ಪತ್ರ ಹಿಡಿದು ಬಂದರು. ಕೂರಲೂ ಇಲ್ಲ. "ಏನ್ರೀ, ನನ್ನ ಕಾಫಿ ನಿಮ್ಮ ಗೋಡೌನಲ್ಲಿಟ್ಕೊಂಡು ನನಗೇ ನೋಟಿಸಾ?" ಕೈಮುಗಿದು ಕಾಫಿ ತರಿಸಿದೆ. ಕುಡಿಯಲಿಲ್ಲ. ಮಾರನೇ ವಾರ ಅವರ ಲಾರಿ ಬೇರೆ ಕ್ಯೂರಿಂಗ್‌ಗೆ ಹೋಯ್ತು.

ಆಮೇಲೆ ಸಾಫ್ಟ್‌ವೇರ್ ಬದಿಗಿಟ್ಟು ಶಾನುಭೋಗರ ಪಕ್ಕ ಕೂತೆ. ಸಂಜೆ ಎರಡು ಗಂಟೆ, ಒಂದೊಂದೇ ಪುಟ. ಒಬ್ಬರೇ ಬೆಳೆಗಾರರು ಅಪ್ಪನ ಹೆಸರಲ್ಲಿ, ತೋಟದ ಹೆಸರಲ್ಲಿ, ಊರ ಹೆಸರಲ್ಲಿ, ಹೀಗೆ ಮೂರು ಖಾತೆಯಾಗಿ ಕೂತಿದ್ದರು. ಅವನ್ನು ಒಂದು ಮಾಡಿದೆವು. ಬೆಳೆಗಾರರ ಕಾಫಿಗೆ ತೂಕ ಮಾತ್ರ, ಬೆಲೆ ಸೊನ್ನೆ ಅಂತ ಬೇರೆ ಪಟ್ಟಿ ಮಾಡಿದೆವು. ಮುಂಗಡಕ್ಕೆ ಬೇರೆ ಗುಂಪು ಮಾಡಿ, ವಸೂಲಿ ಪತ್ರ ಹೋಗದ ಹಾಗೆ ಬೀಗ ಹಾಕಿಸಿದೆ. ಒಂದು ತಿಂಗಳು ಹಳೆ ಟ್ಯಾಲಿ, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಬರೆದು, ಎರಡೂ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಿದ್ದು. ಬೆಂಗಳೂರಿನವರಿಗೆ ಇದೆಲ್ಲ ಸುಮ್ನೆ ತಡ ಅನ್ನಿಸಿತು.

ಹನ್ನೊಂದು ಮೂಟೆಯ ಗುರುತು ಮಾತ್ರ ಅಳಿಸಿಹೋಗಿತ್ತು. ಶಾನುಭೋಗರ ನೋಟ್‌ಬುಕ್ಕಿನಲ್ಲೂ ಸಿಗಲಿಲ್ಲ. ಅದು ಈಗಲೂ ಸಸ್ಪೆನ್ಸ್ ಖಾತೆಯಲ್ಲಿದೆ, ಅಂದ್ರೆ ಯಾರದು ಅಂತ ತೀರ್ಮಾನವಾಗದ್ದನ್ನು ಇಡುವ ಖಾತೆಯಲ್ಲಿ, ಆಡಿಟರ್ ಬಂದಾಗಲೆಲ್ಲ ಮೊದಲು ಕೇಳೋದು ಅದನ್ನೇ.