ಸಣ್ಣ ಪೋಕರ್ ಟೂರ್ನಮೆಂಟ್‌ಗಳಲ್ಲಿ ಎದುರಾಳಿಯ ರೇಂಜ್ ನಾನು ಎಣಿಸುವ ರೀತಿ

ಕಡಿಮೆ ಬೈ-ಇನ್ (ಪ್ರವೇಶ ಹಣ) ಇರುವ ಟೂರ್ನಮೆಂಟ್‌ಗಳಲ್ಲಿ ಜಾಸ್ತಿ ಜನ ಎದುರಾಳಿಯ ಕೈಯಲ್ಲಿ ಇಂಥದ್ದೇ ಇದೆ ಅಂತ ಒಂದನ್ನು ಹಿಡಿದು ಕೂತುಬಿಡುತ್ತಾರೆ. ‘ಏಸ್-ಕಿಂಗ್ ಇರಬೇಕು’ ಅಂತ ಅನಿಸಿತೋ, ಆಮೇಲೆ ಬೇರೆ ಏನೂ ಕಣ್ಣಿಗೆ ಬೀಳುವುದಿಲ್ಲ. ಎದುರಾಳಿಯ ಬಳಿ ಇರಬಹುದಾದ ಎಲ್ಲ ಕೈಗಳನ್ನು, ಅಂದರೆ ಅವರ ರೇಂಜ್ ಅನ್ನು, ನಾನು ಎಣಿಸಲು ಶುರು ಮಾಡಿದ ಮೇಲೆ ಕಷ್ಟದ ನಿರ್ಧಾರಗಳು ಎಷ್ಟೋ ಹಗುರಾದವು.

ಬೇಕಾದ ಲೆಕ್ಕ ಚಿಕ್ಕದು. ಒಬ್ಬರ ಕೈಗೆ ಬರುವ ಎರಡು ಎಲೆಗಳ ಒಟ್ಟು ಕಾಂಬಿನೇಷನ್ 1,326. ಯಾವುದೇ ಪೇರ್ (ಒಂದೇ ಥರದ ಎರಡು ಎಲೆ) 6 ರೀತಿ ಬರುತ್ತದೆ. ಏಸ್-ಕಿಂಗ್ ಥರದ್ದು 16 ರೀತಿ, ಅದರಲ್ಲಿ ಸೂಟೆಡ್ (ಎರಡೂ ಒಂದೇ ಗುರುತಿನವು) 4 ಮಾತ್ರ. ನನ್ನ ಹತ್ತಿರ ಒಂದು ಏಸ್ ಇದ್ದರೆ ಎದುರಿನವರಿಗೆ ಏಸ್ ಪೇರ್ ಬರುವ ದಾರಿ 6ರಿಂದ 3ಕ್ಕೆ ಇಳಿಯುತ್ತದೆ.

ಈ ಮಟ್ಟದಲ್ಲಿ ಕಾಲ್ ಮಾಡುವವರು (ಬೆಟ್‌ಗೆ ಸಮ ಹಾಕುವವರು) ಬಹಳ, ರೀ-ರೇಸ್ ಮಾಡುವವರು (ಒಬ್ಬರು ಏರಿಸಿದ ಮೇಲೆ ಮತ್ತೆ ಏರಿಸುವವರು) ಕಡಿಮೆ. ಸುಮ್ನೆ ಕಾಯುತ್ತಾ ಕೂತಿದ್ದ ಆಟಗಾರ ಫ್ಲಾಪ್‌ಗೆ (ಮೇಜಿನ ಮೇಲೆ ಎಲ್ಲರಿಗೂ ಸೇರಿ ಬೀಳುವ ಮೊದಲ ಮೂರು ಎಲೆ) ಮುಂಚೆ ರೀ-ರೇಸ್ ಮಾಡಿದರೆ ನಾನು ಕೊಡುವ ರೇಂಜ್ ಇಷ್ಟೇ: ಕ್ವೀನ್ ಪೇರ್, ಅದಕ್ಕಿಂತ ದೊಡ್ಡ ಪೇರ್‌ಗಳು, ಏಸ್-ಕಿಂಗ್. ಒಟ್ಟು 34 ಕಾಂಬಿನೇಷನ್. ನನ್ನ ಕೈಯಲ್ಲಿ ಏಸ್-ಕ್ವೀನ್ ಇದ್ದರೆ ಅದು 24ಕ್ಕೆ ಇಳಿಯುತ್ತದೆ, ಆದರೆ ಆ 24ರಲ್ಲಿ ಒಂದಕ್ಕಿಂತಲೂ ನಾನು ಮುಂದಿಲ್ಲ. ನೋಡಲು ಚೆನ್ನಾಗಿರುವ ಏಸ್-ಕ್ವೀನ್ ಅಲ್ಲಿ ಫೋಲ್ಡ್, ಅಂದರೆ ಕೈ ಬಿಟ್ಟುಬಿಡುವುದು. ಹತ್ತು ಬಿಗ್ ಬ್ಲೈಂಡ್ (ಎಲೆ ನೋಡುವ ಮುಂಚೆ ಹಾಕಲೇಬೇಕಾದ ದೊಡ್ಡ ಪಣ) ಮಾತ್ರ ಉಳಿದವರು ಆಲ್-ಇನ್ ಹೋಗುವುದು (ಇದ್ದದ್ದೆಲ್ಲ ಹಾಕುವುದು) ಬೇರೆ ಕಥೆ, ಆ ರೇಂಜ್ ತುಂಬಾ ಅಗಲ.

ಫ್ಲಾಪ್ ನಂತರ ನನ್ನದು ಒಂದೇ ನಿಯಮ: ಮೊದಲು ತೆಗೆದುಹಾಕಿದ ಕೈ ಮತ್ತೆ ಒಳಗೆ ಬರುವಂತಿಲ್ಲ. ರೇಂಜ್ ಪ್ರತಿ ಬೆಟ್‌ಗೂ ಕಿರಿದಾಗುತ್ತಲೇ ಹೋಗಬೇಕು.

ನಾನು ಆಡಿದ ಒಂದು ಕೈ ನೋಡಿ. ನನ್ನಲ್ಲಿ ಸ್ಪೇಡ್ ಏಸ್, ಡೈಮಂಡ್ ಕಿಂಗ್. ಬರೀ ಕಾಲ್ ಮಾಡುವ ಸ್ವಭಾವದ ಒಬ್ಬರು ಲಿಂಪ್ ಮಾಡಿ (ಏರಿಸದೆ ಬಿಗ್ ಬ್ಲೈಂಡ್‌ನಷ್ಟೇ ಹಾಕಿ ಒಳಬಂದು), ನನ್ನ ರೇಸ್‌ಗೆ ಕಾಲ್ ಮಾಡಿದರು. ಫ್ಲಾಪ್‌ನಲ್ಲಿ ಹಾರ್ಟ್ ಕಿಂಗ್, ಹಾರ್ಟ್ 8, ಕ್ಲಬ್ 3. ಟರ್ನ್ (ನಾಲ್ಕನೇ ಎಲೆ) ಸ್ಪೇಡ್ 5. ಎರಡೂ ಸಲ ನನ್ನ ಬೆಟ್‌ಗೆ ಕಾಲ್. ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) ಡೈಮಂಡ್ 8 ಬಂತು. ಪಾಟ್ (ಮಧ್ಯದಲ್ಲಿ ಸೇರಿದ ಒಟ್ಟು ಪಣ) 4,000, ನಾನು 1,500 ಹಾಕಿದೆ, ಅವರು 5,000ಕ್ಕೆ ಏರಿಸಿದರು.

ಇನ್ನು 3,500 ಹಾಕಿದರೆ ಒಟ್ಟು ಪಾಟ್ 14,000. ಅಂದರೆ ನಾಲ್ಕರಲ್ಲಿ ಒಂದು ಸಲ ಗೆದ್ದರೆ ಸಾಕು. ಕೇಳಲು ಸುಲಭ, ಅಲ್ವಾ? ಈಗ ನನ್ನ ಎರಡು ಪೇರ್ (ಕಿಂಗ್ ಮತ್ತು 8) ಸೋಲಿಸುವವನ್ನು ಎಣಿಸಿ. ಏಸ್-8 ಆರು. ಸೂಟೆಡ್ 8-7 ಎರಡು, 9-8 ಎರಡು, ಕಿಂಗ್-8 ಎರಡು. 3ರ ಪೇರ್ ಮೂರು, 5ರ ಪೇರ್ ಮೂರು, 8ರ ಪೇರ್ ಒಂದು. ನನ್ನನ್ನು ಸೋಲಿಸುವವು 19. ಕಾಲ್ ಮಾಡಬೇಕಾದರೆ ಅವರ ಬಳಿ ನನಗಿಂತ ಕೆಳಗಿನ 7 ಕಾಂಬಿನೇಷನ್ ಆದರೂ ಇರಬೇಕು. ಕಿಂಗ್-ಕ್ವೀನ್ ಇದ್ದಿದ್ದರೆ ಇಂಥವರು ಕಾಲ್ ಮಾಡಿ ನಿಲ್ಲಿಸುತ್ತಾರೆ. ತಪ್ಪಿಹೋದ ಹಾರ್ಟ್ ಫ್ಲಶ್ ಇದ್ದರೆ ಫೋಲ್ಡ್ ಮಾಡುತ್ತಾರೆ. ಆ ಏಳನ್ನು ತುಂಬಿಸಲು ನನಗೆ ಏನೂ ಸಿಗಲಿಲ್ಲ. ಫೋಲ್ಡ್ ಮಾಡಿದೆ. ಪದೇ ಪದೇ ಬ್ಲಫ್ ಮಾಡುವ ಆಟಗಾರ ಎದುರಿಗಿದ್ದಿದ್ದರೆ ಅದೇ ಎಲೆಗಳಿಗೆ ಕಾಲ್ ಮಾಡುತ್ತಿದ್ದೆ.

ಇದನ್ನು ಆಟದ ಮಧ್ಯೆ ಬೇಗ ಮಾಡಲು ಅಭ್ಯಾಸ ಬೇಕು, ಅದಕ್ಕೆ ನಾನು ಆಡದ ಕೈಗಳೇ ಒಳ್ಳೆಯ ಸಮಯ. ಫೋಲ್ಡ್ ಮಾಡಿ ಕೂತಾಗ ಬೇರೆ ಇಬ್ಬರ ಕೈ ನೋಡುತ್ತೇನೆ, ಶೋಡೌನ್‌ಗೆ (ಕೊನೆಗೆ ಎಲೆ ತೋರಿಸುವ ಹಂತ) ಮುಂಚೆ ಮನಸ್ಸಿನಲ್ಲೇ ರೇಂಜ್ ಹೇಳಿಕೊಳ್ಳುತ್ತೇನೆ. ಲಿಂಪ್ ಮಾಡಿದವರು ಆಫ್‌ಸೂಟ್ (ಬೇರೆ ಬೇರೆ ಗುರುತಿನ) ಕಿಂಗ್-7 ತೋರಿಸಿದರೆ, ಅವರ ಲಿಂಪ್ ರೇಂಜ್ ಮಾತ್ರ ಅಗಲ ಮಾಡಿಕೊಳ್ಳುತ್ತೇನೆ. ರೀ-ರೇಸ್ ರೇಂಜ್ ಮುಟ್ಟುವುದಿಲ್ಲ. ಕಸದಂಥ ಎಲೆಗೆ ಲಿಂಪ್ ಮಾಡುವ ಎಷ್ಟೋ ಜನ ಅದೇ 34ಕ್ಕೆ ಮಾತ್ರ ರೀ-ರೇಸ್ ಮಾಡುತ್ತಾರೆ.