ಹೆಲ್ಮೆಟ್ಟಿನೊಳಗಿನ ಮಾತು: ಬೈಕ್ ಸವಾರರು ಹೆಡ್‌ಸೆಟ್ ಆರಿಸುವುದು ಹೇಗೆ?

ನನ್ನ ಮೊದಲ ಹೆಡ್‌ಸೆಟ್ಟನ್ನು ಎರಡು ತಿಂಗಳು ಬೈದುಕೊಂಡೇ ಓಡಾಡಿದ್ದೆ. ವೇಗ 70 ಕಿ.ಮೀ. ದಾಟಿದರೆ ಸಾಕು, ಜೊತೆಗಾರನ ಮಾತು ಗಾಳಿಪಾಲು. ವಾಲ್ಯೂಮ್ ತುದಿಗೇರಿಸಿದರೂ ‘ಏನು? ಏನಂದೆ?’ ಎನ್ನುವುದೇ ನನ್ನ ಪಾಲಿನ ಸಂಭಾಷಣೆ. ಇದರ ಸಹವಾಸ ಸಾಕೆಂದು ಮಾರಲು ಹೊರಟಾಗ, ಗೆಳೆಯನೊಬ್ಬ ಹೆಲ್ಮೆಟ್ಟಿನ ಒಳಮೆತ್ತೆ ಬಿಚ್ಚಿ ನೋಡಿ ನಕ್ಕುಬಿಟ್ಟ. ಸ್ಪೀಕರ್ ಕೂತಿದ್ದು ನನ್ನ ಕಿವಿಯ ಮೇಲಲ್ಲ, ದವಡೆಯ ಮೂಲೆಯಲ್ಲಿ! ಒಂದಿಂಚು ಮೇಲಕ್ಕೆ, ಚೂರು ಹಿಂದಕ್ಕೆ ಸರಿಸಿಕೊಟ್ಟ. ಅಂದು ಸಂಜೆ ಅದೇ ಹೆಡ್‌ಸೆಟ್ ಹೊಸದರಂತೆ ಮಾತಾಡಿತು.

ಹಾಗಾಗಿ ‘ಯಾವುದು ತಗೊಳ್ಳಲಿ?’ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾರ ಜೊತೆ ಮಾತಾಡಬೇಕು? ತಲೆಯ ಮೇಲೆ ಯಾವ ಹೆಲ್ಮೆಟ್ ಇದೆ? ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳ ಸರದಿ ಆಮೇಲೆ.

ಮೊದಲ ಹೆಜ್ಜೆ: ಮಾತು ಯಾರೊಂದಿಗೆ?

ಒಬ್ಬರೇ ಓಡಾಡುವವರಿಗೆ ಬೇಕಿರುವುದು ಮೂರೇ: ದಾರಿ ಹೇಳುವ ಮ್ಯಾಪಿನ ದನಿ, ಫೋನ್ ಕರೆ, ಒಂದಿಷ್ಟು ಹಾಡು. ಇದಕ್ಕೆ ಸಾದಾ ಬ್ಲೂಟೂತ್ ಹೆಡ್‌ಸೆಟ್ ಧಾರಾಳವಾಯಿತು. ಹೆಲ್ಮೆಟ್‌ನಿಂದ ಹೆಲ್ಮೆಟ್‌ಗೆ ನೇರವಾಗಿ ಮಾತಾಡುವ ಇಂಟರ್‌ಕಾಮ್‌ಗೆಂದು ಹೆಚ್ಚು ಹಣ ಸುರಿಯುವುದು ದಂಡ.

ಹಿಂದೆ ಕೂರುವವರ ಜೊತೆ ಮಾತಾಡುವುದಷ್ಟೇ ಉದ್ದೇಶವಾದರೆ, ‘ಎರಡು ಕಿ.ಮೀ. ರೇಂಜ್’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಿಮ್ಮಿಬ್ಬರ ಹೆಲ್ಮೆಟ್‌ಗಳ ನಡುವೆ ಒಂದು ಮೊಳವೂ ಇರುವುದಿಲ್ಲ. ಒಂದೇ ಕಂಪನಿಯ ಜೋಡಿ ಪೊಟ್ಟಣ ಕೊಂಡರೆ ಮುಗಿಯಿತು. ಒಂದನ್ನು ಮಾತ್ರ ನೋಡಿಕೊಳ್ಳಿ: ಇಬ್ಬರೂ ಫೋನಿನಲ್ಲಿ ಮಾತಾಡಿದಂತೆ ಏಕಕಾಲಕ್ಕೆ ಮಾತಾಡಲು ಬರಬೇಕು. ವಾಕಿಟಾಕಿಯ ಹಾಗೆ ಗುಂಡಿ ಒತ್ತಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವ ಉಪಕರಣ ಬೈಕಿನ ಮೇಲೆ ಕಿರಿಕಿರಿ.

ನಾಲ್ಕೈದು ಬೈಕುಗಳ ಗುಂಪಾದರೆ ಮಾತ್ರ ಮುಂದಿನ ಹೆಜ್ಜೆಯನ್ನು ಗಮನವಿಟ್ಟು ಓದಬೇಕು.

ಎರಡನೆಯದು: ಸರಪಳಿಯೋ, ಬಲೆಯೋ?

ಬ್ಲೂಟೂತ್ ಇಂಟರ್‌ಕಾಮ್ ಸರಪಳಿಯಂತೆ. ಸಾಲಾಗಿ ನಿಂತವರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ ಮಾತು ಮೊದಲನೆಯವರಿಂದ ಎರಡನೆಯವರಿಗೆ, ಅವರಿಂದ ಮೂರನೆಯವರಿಗೆ ಸಾಗುತ್ತದೆ. ನಡುವಿನವರು ಪೆಟ್ರೋಲ್ ಹಾಕಿಸಲು ನಿಂತರೋ, ಸರಪಳಿ ಅಲ್ಲೇ ತುಂಡು. ಜೋಡಿಸುವಾಗಲೂ ಯಾರ ಹಿಂದೆ ಯಾರು ಎಂಬ ಕ್ರಮವಿದೆ. ದಾರಿಯಲ್ಲಿ ಸ್ಥಾನ ಅದಲುಬದಲಾದರೆ ಮಾತು ಕಡಿಯತೊಡಗುತ್ತದೆ. ಸಾಮಾನ್ಯವಾಗಿ ಇಬ್ಬರಿಂದ ನಾಲ್ವರವರೆಗೆ ಈ ಪದ್ಧತಿ ಸಲೀಸು.

ಮೆಶ್ ಎಂದರೆ ಬಲೆ. ಇಲ್ಲಿ ಪ್ರತಿಯೊಂದು ಹೆಡ್‌ಸೆಟ್ಟೂ ಉಳಿದವಕ್ಕೆ ಮಾತು ದಾಟಿಸುವ ಕೊಂಡಿಯಾಗುತ್ತದೆ. ಒಬ್ಬರು ಹಿಂದುಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಅವರು ಮತ್ತೆ ಹತ್ತಿರ ಬಂದಾಗ ಯಾರೂ ಗುಂಡಿ ಒತ್ತದೆಯೇ ಸೇರಿಕೊಳ್ಳುತ್ತಾರೆ. ಕಾರ್ಡೊ ಕಂಪನಿ 2015ರಲ್ಲಿ ಪ್ಯಾಕ್‌ಟಾಕ್ ಎಂಬ ಹೆಡ್‌ಸೆಟ್‌ನೊಂದಿಗೆ ಇದನ್ನು ಸವಾರರ ಕೈಗೆ ತಂದಿತು. ಒಂದು ಗುಂಪಿಗೆ 15 ಜನರವರೆಗೆ ಅವಕಾಶ. 2018ರಲ್ಲಿ ಸೆನಾ ಕಂಪನಿಯ 30ಕೆ ತನ್ನದೇ ಮೆಶ್‌ನೊಂದಿಗೆ ಬಂತು.

‘ತನ್ನದೇ’ ಎಂಬ ಮಾತಿನಲ್ಲೇ ತೊಡಕಿರುವುದು. ಒಂದು ಕಂಪನಿಯ ಮೆಶ್ ಸಾಮಾನ್ಯವಾಗಿ ಇನ್ನೊಂದರ ಮೆಶ್‌ನೊಡನೆ ಮಾತಾಡುವುದಿಲ್ಲ. ಬೇರೆ ಬೇರೆ ಕಂಪನಿಯ ಹೆಡ್‌ಸೆಟ್‌ಗಳನ್ನು ಬ್ಲೂಟೂತ್ ಮೂಲಕ ಕೂಡಿಸಬಹುದು, ಸಾಮಾನ್ಯವಾಗಿ ಇದಕ್ಕೆ ‘ಯುನಿವರ್ಸಲ್ ಇಂಟರ್‌ಕಾಮ್’ ಎಂದು ಹೆಸರು. ಇದರಲ್ಲಿ ಅನೇಕ ಹೆಡ್‌ಸೆಟ್‌ಗಳು ಎದುರಿನದನ್ನು ಫೋನ್ ಎಂದೇ ಭಾವಿಸಿಕೊಂಡು ಜೋಡಿಯಾಗುತ್ತವೆ. ಹಾಗಾಗಿ ಫೋನ್‌ಗೆ ಮೀಸಲಾದ ಒಂದು ಜಾಗ ಖರ್ಚಾಗುತ್ತದೆ, ಮೆಶ್‌ನ ಸುಖವೂ ಇಲ್ಲ. ಆದ್ದರಿಂದ ಗುಂಪಿನಲ್ಲಿ ಸವಾರಿ ಮಾಡುವವರಿಗೆ ನನ್ನ ಸಲಹೆ ನೇರ: ಗೆಳೆಯರ ಬಳಿ ಯಾವುದಿದೆಯೋ ಅದನ್ನೇ ಕೊಳ್ಳಿ. ಅದಕ್ಕಿಂತ ಚೆನ್ನಾಗಿರುವುದು ಇನ್ನೊಂದಿದ್ದರೂ ಸರಿಯೇ. ಯಾರಿಗೂ ಕೇಳಿಸದ ಉತ್ತಮ ಹೆಡ್‌ಸೆಟ್ ಇಟ್ಟುಕೊಂಡು ಮಾಡುವುದೇನು?

ರೇಂಜ್ ಬಗ್ಗೆ ಒಂದು ಮಾತು. ಪೆಟ್ಟಿಗೆಯ ಮೇಲಿನ ಅಂಕಿ ಬಯಲಿನಲ್ಲಿ, ಒಬ್ಬರಿಗೊಬ್ಬರು ಕಾಣುವಂತೆ ನಿಂತಾಗ ಸಿಗುವಂಥದ್ದು. ಬ್ಲೂಟೂತ್ ಅಲೆಗಳು ಓಡಾಡುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಮನೆಯ ವೈಫೈ ಬಳಸುವ ಅದೇ ಪಟ್ಟಿಯಲ್ಲಿ. ಗುಡ್ಡ, ಕಟ್ಟಡ, ದಟ್ಟ ಮರ ಅಡ್ಡ ಬಂದರೆ ಅವು ಸೋಲುತ್ತವೆ. ಅಂಕುಡೊಂಕಿನ ಬೆಟ್ಟದ ದಾರಿಯಲ್ಲಿ ಹೇಳಿದ್ದರ ಅರ್ಧವೂ ದಕ್ಕದಿದ್ದರೆ ಅಚ್ಚರಿಪಡಬೇಡಿ. ಹಾಗಂತ ಕೊರಗುವ ಅಗತ್ಯವೂ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಮುಂದಿನವರು 300 ಮೀಟರ್ ದೂರದಲ್ಲಿದ್ದು ‘ತಿರುವಿನಲ್ಲಿ ಜಲ್ಲಿ ಬಿದ್ದಿದೆ’ ಎಂದರೆ, ಹಿಂದಿನವರಿಗೆ ಹದಿಮೂರು ಸೆಕೆಂಡಿಗೂ ಹೆಚ್ಚು ಸಮಯ ಸಿಕ್ಕಿತು. ನಿಧಾನಿಸಲು ಅಷ್ಟು ಸಾಕು.

ಮೂರನೆಯದು: ಹೆಲ್ಮೆಟ್ ಬಿಚ್ಚಿ ನೋಡಿ

ಹೆಚ್ಚಿನವರು ಹಾರಿ ದಾಟುವ ಹೆಜ್ಜೆ ಇದೇ. ಕೊಳ್ಳುವ ಮೊದಲು ಕೆನ್ನೆಯ ಪ್ಯಾಡ್‌ಗಳನ್ನು ಬಿಚ್ಚಿ, ಕಿವಿಯ ಜಾಗದಲ್ಲಿ ಗುಳಿ ಇದೆಯೇ ನೋಡಿ. ಸಾಮಾನ್ಯವಾಗಿ ಸ್ಪೀಕರ್‌ಗಳ ಅಡ್ಡಳತೆ 40 ಮಿ.ಮೀ.; ಗುಳಿ ಅಷ್ಟು ಅಗಲವೂ ಸಾಕಷ್ಟು ಆಳವೂ ಇರಬೇಕು. ಆಳ ಸಾಲದಿದ್ದರೆ ಸ್ಪೀಕರ್ ಕಿವಿಯನ್ನು ಒತ್ತುತ್ತದೆ. ಮೊದಲ ಹತ್ತು ನಿಮಿಷ ಗೊತ್ತಾಗದ ಆ ಒತ್ತಡ, ಒಂದು ಗಂಟೆಯ ಹೊತ್ತಿಗೆ ಹೆಲ್ಮೆಟ್ ಕಿತ್ತೆಸೆಯುವಷ್ಟು ನೋವಾಗುತ್ತದೆ. ಹಾಗೆಂದು ಗುಳಿ ದೊಡ್ಡದು ಮಾಡಲು ಒಳಗಿನ ಬಿಳಿ ಥರ್ಮಾಕೋಲ್ ಪದರವನ್ನು ಕೆತ್ತಲು ಹೋಗಬೇಡಿ. ಬಿದ್ದಾಗ ತಲೆಗಾಗುವ ಹೊಡೆತವನ್ನು ತಾನು ನುಂಗಿಕೊಳ್ಳುವುದು ಅದೇ ಪದರ.

ಮೈಕ್ ಎರಡು ಬಗೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್‌ಗೆ ಗಲ್ಲದ ಭಾಗದ ಒಳಗೆ ಅಂಟಿಸುವ ಸಣ್ಣ ತಂತಿ ಮೈಕ್ ಚೆನ್ನ. ಮುಖ ತೆರೆದಿರುವ ಹೆಲ್ಮೆಟ್‌ಗೆ, ಗಲ್ಲದ ಭಾಗವನ್ನು ಮೇಲಕ್ಕೆತ್ತುವ ಮಾದರಿಗೆ ಕಡ್ಡಿ ಮೈಕ್ ಬೇಕು. ಪೆಟ್ಟಿಗೆಯಲ್ಲಿ ಎರಡೂ ಇದ್ದರೆ ಅದೃಷ್ಟ. ಒಂದೇ ಇದ್ದರೆ ನಿಮಗೆ ಬೇಕಾದದ್ದೇ ಇದೆಯೇ ನೋಡಿಕೊಳ್ಳಿ. ಮೈಕ್‌ನ ಸ್ಪಂಜು ಟೋಪಿ ಅಲಂಕಾರಕ್ಕಲ್ಲ. ಅದು ಕಳೆದುಹೋದ ದಿನ ನಿಮ್ಮ ಮಾತಿನ ಬದಲು ಗೆಳೆಯರಿಗೆ ಬಿರುಗಾಳಿಯ ಪ್ರಸಾರ.

ಗುಂಡಿಗಳಿರುವ ಹೊರಗಿನ ಘಟಕವನ್ನು ಕ್ಲಾಂಪ್‌ನಿಂದ ಸಿಕ್ಕಿಸಬಹುದು, ಅಂಟುಪಟ್ಟಿಯಿಂದ ಕೂರಿಸಬಹುದು. ಹೆಲ್ಮೆಟ್ಟಿನ ಕೆಳ ಅಂಚು ದಪ್ಪವಾಗಿದ್ದರೆ ಕ್ಲಾಂಪ್ ಹಿಡಿಯುವುದಿಲ್ಲ. ಎಡಗಡೆಯೇ ಕೂರಿಸುವುದು ವಾಡಿಕೆ, ಬಲಗೈ ಥ್ರಾಟಲ್ ಬಿಡುವಂತಿಲ್ಲವಲ್ಲ. ಚಿಪ್ಪಿಗೆ ತೂತು ಕೊರೆಯುವ ಆಲೋಚನೆಯೇ ಬೇಡ.

ಕೆಲವು ಹೆಲ್ಮೆಟ್‌ಗಳಲ್ಲಿ ಹೆಡ್‌ಸೆಟ್‌ಗೆಂದೇ ತಯಾರಕರು ಖಾನೆ ಬಿಟ್ಟಿರುತ್ತಾರೆ. ನೋಡಲು ಚಂದ, ಗಾಳಿಯ ಸದ್ದೂ ಕಡಿಮೆ. ಆದರೆ ಅಲ್ಲಿ ಕೂರುವುದು ಅದಕ್ಕೆಂದೇ ಮಾಡಿದ ಘಟಕ ಮಾತ್ರ. ಹೆಲ್ಮೆಟ್ ಬದಲಾಯಿಸಿದ ದಿನ ಅದಕ್ಕೂ ವಿದಾಯ. ನಾನಂತೂ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದಾದದ್ದರ ಪಕ್ಷ.

ನಾಲ್ಕನೆಯದು: ಕಿವಿಯ ಲೆಕ್ಕ

ಹೆಲ್ಮೆಟ್ಟಿನೊಳಗೆ ಗದ್ದಲ ಮಾಡುವುದು ಎಂಜಿನ್ ಅಂದುಕೊಂಡಿರುತ್ತೇವೆ. ವೇಗ ಏರಿದ ಮೇಲೆ ಅಸಲಿ ಗಲಾಟೆ ಗಾಳಿಯದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು 90 ಡೆಸಿಬಲ್ ದಾಟುವುದು ಸಾಮಾನ್ಯ. ಕೆಲಸದ ಸ್ಥಳದ ಸದ್ದಿಗೆ ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧಿಸುವ ನಿಯೋಶ್ ಸಂಸ್ಥೆ ಶಿಫಾರಸು ಮಾಡಿರುವ ಮಿತಿ ಹೀಗಿದೆ: 85 ಡೆಸಿಬಲ್‌ ಆದರೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್‌ ಹೆಚ್ಚಿದಂತೆ ಸಮಯ ಅರ್ಧಕ್ಕರ್ಧ ಇಳಿಕೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಈ ಗದ್ದಲದ ಮೇಲೆ ಸ್ಪೀಕರ್ ಕೂಗಿಸುವುದೆಂದರೆ ಕಿವಿಯ ಮೇಲೆ ಇಮ್ಮಡಿ ಹೊರೆ.

ವಿಚಿತ್ರವೆನಿಸಿದರೂ ಇದಕ್ಕೆ ಪರಿಹಾರ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದು. ಗಾಳಿಯ ಭೋರ್ಗರೆತ ತಗ್ಗಿದಾಗ ಮಾತು ಎದ್ದು ಕೇಳುತ್ತದೆ. ಮಾತಿನ ದನಿಯನ್ನು ಹೆಚ್ಚು ಮಂಕಾಗಿಸದ, ಸವಾರರಿಗೆಂದೇ ಮಾಡಿದ ಪ್ಲಗ್‌ಗಳೂ ಇವೆ. ಆದ್ದರಿಂದ ಸ್ಪೀಕರ್‌ಗೆ ಒಂದಿಷ್ಟು ಮಿಗುತಾಯ ಶಕ್ತಿ ಇರಲಿ. ಹಾಡಿನ ಅಬ್ಬರಕ್ಕಲ್ಲ, ಪ್ಲಗ್ ದಾಟಿ ಕೇಳಿಸುವುದಕ್ಕೆ. ವೇಗಕ್ಕೆ ತಕ್ಕಂತೆ ತಾನೇ ವಾಲ್ಯೂಮ್ ಏರಿಳಿಸಿಕೊಳ್ಳುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಕಿವಿಯಲ್ಲಿ ಯಾರೋ ಅರಚಿದಂತಾಗುವುದು ತಪ್ಪುತ್ತದೆ.

ಐದನೆಯದು: ಕಣ್ಣು ಮುಚ್ಚಿ, ಗ್ಲೌಸ್ ಹಾಕಿ

ಅಂಗಡಿಗೆ ಹೋಗುವಾಗ ನಿಮ್ಮ ದಪ್ಪನೆಯ ಗ್ಲೌಸ್ ಒಯ್ಯಿರಿ. ಅದನ್ನು ತೊಟ್ಟು, ಕಣ್ಣು ಮುಚ್ಚಿ, ಘಟಕವನ್ನು ಎಡಗಿವಿಯ ಬಳಿ ಹಿಡಿದು ವಾಲ್ಯೂಮ್ ಇಳಿಸಿ ನೋಡಿ. ಬೆರಳು ತಡಕಾಡಿತೋ, ಅದು ನಿಮಗಲ್ಲ. ಉಬ್ಬಿದ ಗುಂಡಿ ಅಥವಾ ತಿರುಗಿಸುವ ಚಕ್ರ ನುಣುಪಾದ ಸ್ಪರ್ಶಫಲಕಕ್ಕಿಂತ ಮೇಲು. ‘ಮೂರು ಸಲ ಒತ್ತಿ, ಬೀಪ್ ಬಂದ ಮೇಲೆ ಹಿಡಿದುಕೊಳ್ಳಿ’ ಎಂಬಂಥ ಸೂತ್ರಗಳು ಮೇಜಿನ ಮುಂದೆ ನೆನಪಿರುತ್ತವೆ, ರಸ್ತೆಯಲ್ಲಿ ಅಲ್ಲ. ದನಿಯಿಂದ ಆಜ್ಞೆ ಕೊಡುವ ಸೌಲಭ್ಯ ಇದ್ದರೆ ಸಂತೋಷ, ಆದರೆ ಗಾಳಿ ಜೋರಾದಾಗ ಅದು ನಿಮ್ಮ ಮಾತು ಕೇಳುತ್ತದೆಂದು ನೆಚ್ಚಬೇಡಿ.

ನೀರು, ಬ್ಯಾಟರಿ, ಇನ್ನಿತರ

ಐಪಿ67 ಎಂಬ ಗುರುತಿನಲ್ಲಿ 6 ದೂಳಿಗೆ, 7 ನೀರಿಗೆ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ತಡೆಯುತ್ತದೆಂದು ಅರ್ಥ. ರಭಸವಾಗಿ ಚಿಮ್ಮುವ ನೀರಿನ ಪರೀಕ್ಷೆಯೇ ಬೇರೆ, ಅದನ್ನು ಸೂಚಿಸುವುದು ನೀರಿನ ಅಂಕಿಯ ಜಾಗದಲ್ಲಿ ಬರುವ 5 ಮತ್ತು 6. ಮಳೆಯಲ್ಲಿ ವೇಗವಾಗಿ ಹೋಗುವಾಗ ಹನಿ ಬಡಿಯುವುದು ಈ ಎರಡನೇ ರೀತಿಯಲ್ಲೇ. ಯಾವ ಅಂಕಿ ಇದ್ದರೂ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ತೆರೆದಿದ್ದರೆ ಎಲ್ಲವೂ ವ್ಯರ್ಥ.

ಬ್ಯಾಟರಿ ಎಷ್ಟು ಗಂಟೆ ಎಂದು ಕೇಳುವಾಗ, ಮೆಶ್ ಚಾಲೂ ಇದ್ದಾಗ ಎಷ್ಟು ಎಂದು ಕೇಳಿ. ಕಾಯುತ್ತಾ ಸುಮ್ಮನಿರುವ ಅಂಕಿಯನ್ನೇ ದೊಡ್ಡದಾಗಿ ಅಚ್ಚು ಹಾಕುವ ಚಾಳಿ ಇದೆ. ಓಡಿಸುತ್ತಲೇ ಚಾರ್ಜ್ ಮಾಡಲು ಬರುವಂತಿದ್ದರೆ ದೂರದ ಪ್ರಯಾಣಕ್ಕೆ ಅನುಕೂಲ. ಮ್ಯಾಪ್ ಒಂದು ಫೋನ್‌ನಲ್ಲಿ, ಕರೆ ಇನ್ನೊಂದರಲ್ಲಿ ಇಟ್ಟುಕೊಳ್ಳುವವರು ಎರಡು ಸಾಧನಗಳಿಗೆ ಒಟ್ಟಿಗೆ ಜೋಡಿಯಾಗುತ್ತದೆಯೇ ವಿಚಾರಿಸಿ. ಎಫ್‌ಎಂ ರೇಡಿಯೊ, ಬಣ್ಣದ ದೀಪಗಳಿಗೆ ನಾನು ಅಂಕ ಕೊಡುವುದಿಲ್ಲ.

ಕಾನೂನನ್ನೂ ಒಮ್ಮೆ ನೋಡಿಕೊಳ್ಳಿ, ಊರಿಗೊಂದು ನಿಯಮ. ಫ್ರಾನ್ಸ್ 2015ರಲ್ಲಿ ವಾಹನ ಓಡಿಸುವಾಗ ಇಯರ್‌ಫೋನ್ ನಿಷೇಧಿಸಿತು, ಹೆಲ್ಮೆಟ್ಟಿನೊಳಗೆ ಅಳವಡಿಸಿದ ಸ್ಪೀಕರ್‌ಗೆ ಮಾತ್ರ ವಿನಾಯಿತಿ ಉಳಿಸಿತು.

ಕೊನೆಯದು: ಮನೆಯಲ್ಲಿ ಕೂರಿಸುವಾಗ

ಆತುರ ಬೇಡ. ಸ್ಪೀಕರ್‌ಗಳನ್ನು ಗುಳಿಯಲ್ಲಿ ತಾತ್ಕಾಲಿಕವಾಗಿ ಇಟ್ಟು, ಹೆಲ್ಮೆಟ್ ಧರಿಸಿ, ಪರಿಚಿತ ಹಾಡೊಂದನ್ನು ಸಣ್ಣಗೆ ಹಾಕಿ. ಎರಡೂ ಅಂಗೈಗಳಿಂದ ಹೆಲ್ಮೆಟ್ಟನ್ನು ಕಿವಿಯತ್ತ ಒತ್ತಿ. ಸದ್ದು ತಟ್ಟನೆ ಏರಿದರೆ ಸ್ಪೀಕರ್ ದೂರವಿದೆಯೆಂದು ಅರ್ಥ. ಹಿಂದೆ ಒಂದು ಮೆತ್ತೆ ತುಂಡು ಕೊಟ್ಟು ಮುಂದೆ ತನ್ನಿ. ಹೆಲ್ಮೆಟ್ಟನ್ನು ಸ್ವಲ್ಪ ಮೇಲೆ ಕೆಳಗೆ, ಹಿಂದೆ ಮುಂದೆ ಜರುಗಿಸಿ, ಎಲ್ಲಿ ದನಿ ತುಂಬಿ ಬರುತ್ತದೋ ಅತ್ತ ಸ್ಪೀಕರ್ ಸರಿಸಿ. ಎಡ ಬಲ ಎರಡಕ್ಕೂ ಬೇರೆ ಬೇರೆಯಾಗಿ ಇದೇ ಕೆಲಸ. ಅರ್ಧ ಗಂಟೆ ಹಿಡಿದೀತು.

ಸರಿಯಾದ ಜಾಗ ಸಿಕ್ಕ ಮೇಲೆ ಒಳಮೆತ್ತೆ ಹಾಕುವ ಮೊದಲು ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮೆತ್ತೆ ತೊಳೆಯಲೆಂದು ಬಿಚ್ಚಿದ ದಿನ ಸ್ಪೀಕರ್ ಮತ್ತೆ ದವಡೆಗೆ ಜಾರಿರುತ್ತದೆ.