ಕುರ್ಚಿಯನ್ನು ಮಗುಚಿ ನೋಡಿ

ಅಟ್ಟದಿಂದ ಅಜ್ಜನ ಕಾಲದ ಕುರ್ಚಿ ಇಳಿಸಿದ್ದೀರಾ? ಅಥವಾ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕಣ್ಣಿಗೆ ಬಿದ್ದಿದೆಯಾ? ಮೊದಲು ಅದನ್ನು ಮಗುಚಿ ಹಾಕಿ. ಮುಂಭಾಗಕ್ಕೆ ಪಾಲಿಶ್ ಹೊಡೆದು ಯಾರನ್ನು ಬೇಕಾದರೂ ಮರುಳು ಮಾಡಬಹುದು. ತಳಕ್ಕೆ ಅಷ್ಟು ಕಷ್ಟಪಡುವವರು ಕಡಿಮೆ. ಸಾಗರದಲ್ಲಿ ನಮ್ಮ ಮನೆ ಕೆಲಸಕ್ಕೆ ಬರುವ ಆಚಾರ್ರು ಮದುವೆ ಮನೆಯಲ್ಲೂ ಕೂರುವ ಮೊದಲು ಕುರ್ಚಿ ಎತ್ತಿ ತಳ ನೋಡುತ್ತಾರೆ. ನನಗೂ ಆ ಚಾಳಿ ಅಂಟಿದೆ.

ತಳದಲ್ಲಿ ನೋಡಬೇಕಾದ್ದು ಜೋಡಣೆ. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆದಿದ್ದಾರಾ? ಆ ಬೆಣೆಯ ಮೇಲೆ ಬೆರಳಾಡಿಸಿ. ಹಳೆಯದಾದರೆ ತಲೆ ಒಂಚೂರು ಉಬ್ಬಿರುತ್ತದೆ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಸುತ್ತಲಿನ ಮರ ಒಳಗೆ ಸರಿದಾಗ ಬೆಣೆ ಹೊರಗೆ ಇಣುಕುತ್ತದೆ. ಹಳೆಯ ದುಂಡು ಮೇಜನ್ನು ಟೇಪು ಹಿಡಿದು ಎರಡು ಕಡೆ ಅಳೆದರೂ ಇದೇ ಗುಟ್ಟು: ನಾರಿಗೆ ಅಡ್ಡಲಾಗಿ ಅಳತೆ ಸ್ವಲ್ಪ ಕಡಿಮೆ ಬರುತ್ತದೆ.

ನಮ್ಮ ಮಳೆಗಾಲದಲ್ಲಿ ಇದು ಉಲ್ಟಾ, ಮರ ತೇವ ಹೀರಿ ಹಿಗ್ಗುತ್ತದೆ. ಆಷಾಢದಲ್ಲಿ ಮೇಜಿನ ಡ್ರಾ ಜಾಮ್ ಆಗುತ್ತದೆ, ಅಲ್ವಾ? ಆಗ ಮರ ಹೆರೆಯಲು ಕೀಸುಳಿ ಕೈಗೆತ್ತಿಕೊಳ್ಳಬೇಡಿ. ಮಾಘದಲ್ಲಿ ಅದೇ ಡ್ರಾ ಗಡಗಡ ಅಲ್ಲಾಡುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಹಳೇ ಬೀರುವಿನ ಬಾಗಿಲು ನೋಡಿ: ನಡುವಿನ ಹಲಗೆಯನ್ನು ಅಂಟು ಹಾಕಿ ಬಿಗಿದಿರುವುದಿಲ್ಲ, ಚೌಕಟ್ಟಿನ ಗಾಡಿಯಲ್ಲಿ, ಅಂದರೆ ಉದ್ದಕ್ಕೆ ಕೊರೆದ ಸಂದಿಯಲ್ಲಿ, ಸುಮ್ನೆ ಕೂರಿಸಿರುತ್ತಾರೆ. ಹಿಗ್ಗಲಿ, ಕುಗ್ಗಲಿ, ಸೀಳುವುದಿಲ್ಲ. ನನ್ನ ಮಟ್ಟಿಗೆ ಕೆತ್ತನೆಗಿಂತ ದೊಡ್ಡ ಜಾಣತನ ಇದು.

ಮರ ಯಾವುದು ಅಂತ ತಿಳಿಯಲು ತಳದ ಪಾಲಿಶ್ ಇಲ್ಲದ ಜಾಗ ಬೇಕು. ಬೀಟೆ ನೇರಳೆ ಮಿಶ್ರಿತ ಕಂದು, ಕಪ್ಪು ಗೆರೆಗಳಿರುತ್ತವೆ, ಎತ್ತಿದರೆ ಭಾರ. ಸಾಗುವಾನಿ ಮುಟ್ಟಿದರೆ ಎಣ್ಣೆ ಸವರಿದ ಹಾಗೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದಾಗುತ್ತದೆ. ಕಾಂಡದ ಹೊರಗಿನ ಬಿಳಿ ಭಾಗ ಸೇರಿಸಿ ಮಾಡಿದ್ದರೆ ಅಲ್ಲೇ ಹುಳದ ತೂತು ಹುಡುಕಿ. ತೂತಿನಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಒಳಗೆ ಹುಳ ಇನ್ನೂ ಇದೆ ಅಂತಲೇ ತಿಳಿಯಿರಿ. ಎಷ್ಟೇ ಚಂದ ಇರಲಿ, ಮನೆಯೊಳಗೆ ತರಬೇಡಿ.

ಕೆತ್ತನೆ ಇದ್ದರೆ ಎರಡು ಎಲೆಗಳನ್ನು ಹೋಲಿಸಿ. ನಮ್ಮ ಸಾಗರ, ಸೊರಬದ ಗುಡಿಗಾರರ ಗಂಧದ ಕೆಲಸ ನೋಡಿದವರಿಗೆ ಇದು ಸುಲಭ. ಕೈಯ ಉಳಿಯಲ್ಲಿ ಎರಡು ಎಲೆ ಅಚ್ಚೊತ್ತಿದಂತೆ ಒಂದೇ ಆಗುವುದಿಲ್ಲ. ಯಂತ್ರದ ಕೆತ್ತನೆಯಲ್ಲಿ ಎಲ್ಲವೂ ಒಂದೇ, ಮೂಲೆಗಳೂ ದುಂಡಗೆ. ಕಣ್ಣು ಪಳಗಿಸಲು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಗೆ ಹೋಗಿ, ಮರದ ಕಂಬಗಳ ಹತ್ತಿರ ಸಾವಕಾಶ ನಿಲ್ಲಿ.

ಇನ್ನು ವಿನ್ಯಾಸ. ಇಲ್ಲಿ ಒಂದೇ ಪ್ರಶ್ನೆ ಸಾಕು: ಇದನ್ನು ಹೀಗೆ ಯಾಕೆ ಮಾಡಿದರು? ಆರಾಮ ಕುರ್ಚಿಯ ಕೈ ಅಷ್ಟುದ್ದ ಯಾಕೆ? ತೋಟ ಸುತ್ತಿ ಬಂದವರು ಕಾಲು ಚಾಚಿಡಲು. ಹಳೇ ಹೋಟೆಲುಗಳ ಬಾಗಿದ ಬೆನ್ನಿನ ಕುರ್ಚಿಯ ಮೂಲ ಥೋನೆಟ್ ಕಂಪನಿಯ 14ನೇ ನಂಬರಿನ ಕುರ್ಚಿ, 1859ರದ್ದು. ಬೀಚ್ ಮರಕ್ಕೆ ಹಬೆ ಕೊಟ್ಟು ಬಗ್ಗಿಸಿದ 6 ತುಂಡು, 10 ಸ್ಕ್ರೂ, 2 ನಟ್ಟು, ಅಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜನರೆ ಚಂಡೀಗಢದ ಕಚೇರಿಗಳಿಗೆ ಮಾಡಿಸಿದ ತೇಗ, ಬೆತ್ತದ ಕುರ್ಚಿಗಳು ಒಂದು ಕಾಲಕ್ಕೆ ಗುಜರಿಗೆ ಹೋದವು. ಈಗ ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ. ನಿಮ್ಮೂರ ಹಳೇ ಶಾಲೆಯ ಮುರಿದ ಕುರ್ಚಿಯನ್ನೂ ಒಮ್ಮೆ ನೋಡಿ ಅನ್ನುವುದು ಅದಕ್ಕೇ.

ಬೆತ್ತದ ಹೆಣಿಗೆ ಜೋತುಬಿದ್ದಿದ್ದರೆ ಬಿಚ್ಚಿಸುವ ಮೊದಲು ಇದನ್ನು ಮಾಡಿ. ಕುರ್ಚಿ ಮಗುಚಿ, ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆತ್ತದ ಅಡಿಭಾಗ ನೆನೆಸಿ, ಮರಕ್ಕೆ ನೀರು ತಾಗದ ಹಾಗೆ. ರಾತ್ರಿಯಿಡೀ ನೆರಳಲ್ಲಿ ಒಣಗಲಿ, ಯಾರೂ ಕೂರಬಾರದು. ಎಳೆ ತುಂಡಾಗಿರದಿದ್ದರೆ ಬಹಳ ಸಲ ಬೆಳಿಗ್ಗೆಗೆ ಬಿಗಿಯಾಗಿರುತ್ತದೆ. ಮಳೆಗಾಲದಲ್ಲಿ ಬೇಡ, ಬೂಸ್ಟು ಹಿಡಿಯುತ್ತದೆ.